ಪಾತ್ರೆ ಒಂದು, ಒಳಗೆ ಏನೂ ಇಲ್ಲ

ನೊಣವಲ್ಲ, ಮೆಂತ್ಯದ ಕಾಳು — ಹಾರೀತೆಂದು ಎರಡು ಸಲ ಕೈ ಬೀಸಿದ ಮೇಲೆ ಬಸವಪ್ರಭುವಿಗೆ ಗೊತ್ತಾಯಿತು, ಮೇಜಿನ ಗಾಜಿನ ಮೇಲೆ ಒಂದೇ ಒಂದು ಹಳದಿ ಕಾಳು, ಒರೆಸುವ ಬಟ್ಟೆಗೆ ಸಿಗದೆ ಉಳಿದುಕೊಂಡದ್ದು, ವಾಹ್, ಕೊಲೆ ಕೇಸುಗಳ ತನಿಖಾಧಿಕಾರಿಯಂತೆ, ನೊಣಕ್ಕೂ ಮೆಂತ್ಯಕ್ಕೂ ವ್ಯತ್ಯಾಸ ತಿಳಿಯದವನು, ಕನ್ನಡಕ ಬದಲಿಸಬೇಕು, ಆದರೆ ಎಡಗಿವಿ ಬದಲಿಸಿಕೊಡುವ ಅಂಗಡಿ ಎಲ್ಲಿದೆ, ಅದರೊಳಗೆ ಇಪ್ಪತ್ತೈದು ವರ್ಷದಿಂದ ನೀರು ಹರಿಯುತ್ತಲೇ ಇದೆ, ಕಾರ್ಗಿಲ್‌ನ ಬೆಟ್ಟದಲ್ಲಿ ಪಕ್ಕದಲ್ಲೇ ಶೆಲ್ ಸಿಡಿದ ದಿನ ಶುರುವಾದ ಸದ್ದು, ಯುದ್ಧ ಮುಗಿಯಿತು, ಸೈನ್ಯದ ನೌಕರಿ ಮುಗಿಯಿತು, ಮಾಜಿ ಸೈನಿಕರ ಕೋಟಾದಲ್ಲಿ ಪೊಲೀಸ್ ನೌಕರಿ ಸಿಕ್ಕಿ ಅಕ್ಕಲಕೋಟೆಯ ಹುಡುಗ ಪುಣೆಯ ಸಾಹೇಬನಾದ, ನೀರು ಮಾತ್ರ ನಿಲ್ಲಲಿಲ್ಲ. ಇವತ್ತು ಮಂಗಳವಾರ, ಹೋಟೆಲ್ ನಂದಾದೀಪಕ್ಕೆ ವಾರದ ರಜೆ, ಕುರ್ಚಿಗಳೆಲ್ಲ ಮೇಜುಗಳ ಮೇಲೆ ಕಾಲು ಮೇಲೆ ಮಾಡಿಕೊಂಡು ಬಿದ್ದಿವೆ, ಅವನಿಗೋಸ್ಕರ ಒಂದನ್ನು ಮಾತ್ರ ಇಳಿಸಿದ್ದಾರೆ, ಶಟರ್ ಮುಕ್ಕಾಲು ಎಳೆದಿದೆ, ಅದರಡಿಯಿಂದ ಸದಾಶಿವ ಪೇಠೆಯ ಬಿಸಿಲು ಒಂದು ಮೊಳ ಒಳಗೆ ಬಂದು ನಿಂತಿದೆ, ಸ್ಕೂಟರುಗಳ ಚಕ್ರ, ಕ್ಲಾಸಿಗೆ ಹೋಗುವ ಹುಡುಗಿಯರ ಚಪ್ಪಲಿ, ಎದುರಿನ ಕೋಚಿಂಗ್ ಕ್ಲಾಸಿನ ಮಾಸ್ತರನ ಮೈಕು, ಯಾವುದೋ ಒಪ್ಪಂದ ಯಾವ ಇಸವಿಯಲ್ಲಾಯಿತೆಂದು ಮರಾಠಿಯಲ್ಲಿ ಮೂರು ಮೂರು ಸಲ ಹೇಳಿಸುತ್ತಿದ್ದಾನೆ, ಗಲ್ಲಾದ ಮೇಲೆ ಭುಜಂಗ ಶೆಟ್ಟರ ಫೋಟೊ, ಗಂಧದ ಹಾರ, ಮೀಸೆಯಡಿಯಲ್ಲಿ ಅದೇ ನಗು. ಬನ್ನಿ ಸಾಹೇಬ್ರೆ, ಎಂತ ಮಂಗಳವಾರ ಬಂದದ್ದು, ಕೂತ್ಕೊಳ್ಳಿ, ಕಾಫಿ ಇಡ್ತೇನೆ — ಹಿಂಬಾಗಿಲು ತೆಗೆದು ಹಾಗೆಂದವರು ಶೆಟ್ಟರ ಹೆಂಡತಿ ಪಂಕಜಾಕ್ಷಿ, ಇವನ ಬಾಯಲ್ಲಿ ಹತ್ತು ವರ್ಷದಿಂದ ಅಕ್ಕ, ಹಾಗೆಂದವರೇ ಅಡುಗೆಮನೆಗೆ ಹೋದರು.

ಒಂದು ಸಹಿಗೆ ಬಂದದ್ದು, ಅಷ್ಟೇ. ಶೆಟ್ಟರ ಕೊಲೆಯಾದ ಜಾಗದ ಪಂಚನಾಮೆಯ ಪ್ರತಿ ಮುಟ್ಟಿತೆಂದು ಫಿರ್ಯಾದು ಕೊಟ್ಟ ಅಕ್ಕನ ಸಹಿ ಬೇಕು, ಬೆಳಿಗ್ಗೆ ಫೈಲು ಹೊಲಿಯುವಾಗ ಗುಮಾಸ್ತನ ಕಣ್ಣಿಗೆ ಬಿತ್ತು, ಇಲ್ಲಿ ಖಾಲಿ ಇದೆ ಸಾಹೇಬ, ಕಳುಹಿಸಬಹುದಿತ್ತು ಯಾರನ್ನಾದರೂ, ತಾನೇ ಯಾಕೆ ಹೊರಟನೋ, ಕಾಫಿಯ ಆಸೆಗೆ ಎಂದುಕೊಳ್ಳೋಣ. ಆರೋಪಿ ಚಂದ್ರಪ್ಪನನ್ನು ಬಂಧಿಸಿ ಇವತ್ತಿಗೆ ಎಂಬತ್ತೊಂಬತ್ತು ದಿನ, ತೊಂಬತ್ತರೊಳಗೆ ದೋಷಾರೋಪ ಪಟ್ಟಿ ಕೋರ್ಟಿಗೆ ಹೋಗದಿದ್ದರೆ ಜಾಮೀನು ಕೊಡಲೇಬೇಕು, ಸಂಪವೂನ್ ಟಾಕ್ ರೇ ಬಸವಪ್ರಭು, ಮುಗಿಸಿ ಬಿಸಾಡು ಅದನ್ನ, ನಾಲ್ಕು ಗಂಟೆಗೆ ನನ್ನ ಮೇಜಿನ ಮೇಲಿರಲಿ, ಎಂದು ದೊಡ್ಡ ಸಾಹೇಬರು ಎರಡು ಸಲ ಫೋನು ಮಾಡಿಯಾಯಿತು, ಇವನ ಸಹಿ ಬಿದ್ದರೆ ಮುಗಿಯಿತು, ಚಂದ್ರಪ್ಪನ ಗತಿ ಕೋರ್ಟಿನದು, ಇವನದಲ್ಲ. ಎದುರಿನ ಕೋಚಿಂಗ್ ಕ್ಲಾಸಿನ ವಾಚ್‌ಮನ್ ಚಂದ್ರಪ್ಪ, ಇಂಡಿ ತಾಲೂಕಿನವನು, ಮೊದಲು ಕುರಕುಂಭದ ಯಾವುದೋ ಕೆಮಿಕಲ್ ಕಂಪನಿಯಲ್ಲಿ ಡ್ರಮ್ಮು ಹೊತ್ತು ಎದೆ ಕೆಡಿಸಿಕೊಂಡವನು, ಕೆಮ್ಮಿನ ಹೊರತು ಆಸ್ತಿ ಇಲ್ಲ, ಕೊಲೆಗೆ ಒಂದು ವಾರ ಮುಂಚೆ ಹೋಟೆಲಿನ ಮೆಟ್ಟಿಲ ಮೇಲೆ ಕೂತು ಕೆಮ್ಮಿದನೆಂದು ಶೆಟ್ಟರು ಗಿರಾಕಿಗಳ ಎದುರಿಗೇ ಕೆನ್ನೆಗೆ ಹೊಡೆದಿದ್ದರು, ಇದ್ಕ ಒಂದಿನ ಅನುಭವಿಸ್ತಿ ಎಂದು ಅವನು ಅಂದದ್ದನ್ನು ಇಪ್ಪತ್ತು ಜನ ಕೇಳಿದ್ದರು, ಸಿಟ್ಟು ಇತ್ತು, ಸಾಕ್ಷಿ ಇತ್ತು, ಕೊಲೆಯ ದಿನ ಹನ್ನೆರಡೂ ಐದಕ್ಕೆ ಹೋಟೆಲಿನ ಹಿಂದಿನ ಓಣಿಗೆ ಹೋಗಿ ಹದಿನೈದಕ್ಕೆ ಹೊರಬಂದದ್ದು ಕ್ಲಾಸಿನ ಕ್ಯಾಮೆರಾದಲ್ಲೇ ಇತ್ತು, ಕೈಯಲ್ಲಿ ಕ್ಯಾನು, ಉಳಿದ ಹೊತ್ತಿನ ಚಿತ್ರ ಯಾರೂ ತಿರುಗಿಸಿ ನೋಡಲಿಲ್ಲ, ಇನ್ನೇನು ಬೇಕು. ಬೇರೆ ಯಾರ ಮೇಲಾದರೂ ಅನುಮಾನ ಪಡಲು ಪುರುಸೊತ್ತು ಯಾರಿಗಿತ್ತು.

ಹದಿಮೂರು ವಾರದ ಹಿಂದೆ, ಇಂಥದೇ ಮಂಗಳವಾರ, ಸಂಜೆ ಆರಕ್ಕೆ ಅಕ್ಕನೇ ಫೋನು ಮಾಡಿದ್ದರು, ಠಾಣೆಗಲ್ಲ, ಇವನ ಮೊಬೈಲಿಗೆ, ಸಾಹೇಬ್ರೆ, ಇವರು ಬಿದ್ದಿದ್ದಾರೆ, ಎಷ್ಟು ಕರೆದರೂ ಏಳುವುದಿಲ್ಲ, ಅಳು ಇಲ್ಲ, ಹಾಲು ಒಡೆದಿದೆ ಎನ್ನುವವರ ಧ್ವನಿ, ಗಾಬರಿಗೆ ಹಾಗಾಗುತ್ತದೆ ಎಂದುಕೊಂಡ. ಒಲೆಯ ಬುಡದಲ್ಲಿ ಶೆಟ್ಟರು ಬೋರಲು, ತಲೆಯ ಹಿಂದೆ ಏಟು, ರಕ್ತ ಆಗಲೇ ಒಣಗಿ ಕಪ್ಪಾಗಿತ್ತು, ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನ ಒಂದರೊಳಗೆ ಎಂದು ಆಮೇಲೆ ಡಾಕ್ಟರರ ವರದಿ, ಕೆಲಸದವರಿಗೆಲ್ಲ ರಜೆ, ಅಕ್ಕ ಬೆಳಿಗ್ಗೆ ಒಂಬತ್ತಕ್ಕೇ ಊರಾಚೆ ವಾಕಡದ ಮಗಳ ಮನೆಗೆ ಹೋದವರು ಆರಕ್ಕೆ ವಾಪಸಾದರಂತೆ, ಮಗಳು ಯಶ್ಮಿತಾ ಅಮ್ಮನ ಭುಜ ಹಿಡಿದುಕೊಂಡು ಹೇಳಿದಳು, ಹೌದು ಅಂಕಲ್, ಮಮ್ಮಿ ಮಾರ್ನಿಂಗೇ ಬಂದಿದ್ರು, ಫುಲ್ ಡೇ ನನ್ನ ಜೊತೆನೇ ಇದ್ರು, ಮತ್ತೊಮ್ಮೆ ಕೇಳಲಿಲ್ಲ, ಅಕ್ಕನ ಫೋನು ಎಲ್ಲೆಲ್ಲಿತ್ತೆಂದು ತರಿಸಿ ನೋಡಲಿಲ್ಲ, ಗಂಡ ಸತ್ತ ಹೆಂಗಸಿನ ಫೋನಿನ ಹಿಂದೆ ಬೀಳುವುದೇ, ಅದೂ ಹತ್ತು ವರ್ಷದಿಂದ ತಟ್ಟೆಗೆ ಇನ್ನೊಂದು ದೋಸೆ ಹಾಕಿಸಿದವರು. ಸಾಕ್ಷಿಗೆ ಕರೆಸಿದ ಪಂಚರಿಬ್ಬರು ಮೂಗು ಮುಚ್ಚಿಕೊಂಡು ನಿಂತಿದ್ದರು, ಪೇದೆ ಮಿಥುನ ಬರೆಯುತ್ತಿದ್ದ, ಇವನು ಒಂದೊಂದೇ ಸಾಮಾನು ತೋರಿಸಿ ಮರಾಠಿಯಲ್ಲಿ ಹೇಳುತ್ತ ಹೋದ, ಒಲೆ ಎರಡು, ಕಾವಲಿ ಒಂದು, ಸಿಲಿಂಡರ್ ನಾಲ್ಕು, ರುಬ್ಬುವ ಯಂತ್ರ ಒಂದು, ಕಿಟಕಿಯ ಕೆಳಗೆ ದೊಡ್ಡ ಸ್ಟೀಲ್ ಪಾತ್ರೆ ಒಂದು, ಮುಚ್ಚಳ ಎತ್ತಿದ, ನೋಡಿದ, ಮುಚ್ಚಿದ, ಆತ್ ಕಾಹೀ ನಾಹೀ, ಒಳಗೆ ಏನೂ ಇಲ್ಲ, ಮುಂದೆ. ಮುಂದೆ ತಂಬಿಗೆ ಇತ್ತು, ಅದನ್ನೂ ಬರೆಸಿದ.

ಕುಟ್ಟಾಣಿ ಮಾತ್ರ ಅಡುಗೆಮನೆಯಲ್ಲಿರಲಿಲ್ಲ, ಶುಂಠಿ ಕುಟ್ಟುವ ಕಬ್ಬಿಣದ ಕುಟ್ಟಾಣಿ, ಅದು ಸಿಕ್ಕಿದ್ದು ಮರುದಿನ ಬೆಳಿಗ್ಗೆ ಎಂಟಕ್ಕೆ ಹಿಂದಿನ ಓಣಿಯ ಗಟಾರದಲ್ಲಿ, ಕಂಡವನು ಮಿಥುನ, ಓಡಿಬಂದು ಹೇಳಿದ, ಇವನು ಹೋಗಿ ನೋಡಿದ, ಮುಟ್ಟಬೇಡ ಅಂದ, ಬರೆಯಲೂ ಬೇಡ, ಅಲ್ಲೇ ಇರಲಿ, ಉಪಯೋಗಕ್ಕೆ ಬರುತ್ತದೆ. ಬಂತು. ಗುರುವಾರ ಚಂದ್ರಪ್ಪನನ್ನು ಹಿಡಿದರು, ಶನಿವಾರ ಅವನನ್ನು ಪಂಚರ ಮುಂದೆ ಓಣಿಗೆ ನಡೆಸಿಕೊಂಡು ಹೋದರು, ಎಲ್ಲಿ ಒಗೆದಿ ತೋರಿಸು, ಅವನು ಬೆರಳು ತೋರಿಸಿದ, ಬೆರಳು ಎಲ್ಲಿಗೆ ತೋರಿಸಬೇಕೆಂದು ಶುಕ್ರವಾರವೇ ಪಾಠವಾಗಿತ್ತು, ಆರೋಪಿ ತಾನೇ ತೋರಿಸಿದ ಆಯುಧ, ಇಡೀ ಕೇಸು ಅದೊಂದರ ಮೇಲೆ ನಿಂತಿದೆ, ಅವನೇ ಮಾಡಿದವನು ಎಂದಮೇಲೆ ಹೇಗೆ ತೋರಿಸಿದರೇನು ಎಂದು ಆಗ ಎಷ್ಟು ಸಲೀಸಾಗಿ ಅಂದುಕೊಂಡಿದ್ದ. ನೀರ ತುಂಬಾಕ ಹೋಗಿದ್ನಿರಿ ಸಾಹೇಬ್ರ, ಅಂದಿದ್ದ ಚಂದ್ರಪ್ಪ ಶುಕ್ರವಾರ, ಹಿಂದಿನ ನಳದಾಗ ತುಂಬ್ಕೋ ಅಂತ ಅಕ್ಕಾರ ಹೇಳ್ಯಾರ್ರಿ, ಭಾಳ ದಿವಸಾತು ತುಂಬ್ಕೋತೀನಿ — ಯಾರಿದ್ರು ಒಳಗ — ನಾ ಒಳಗ ನೋಡಿಲ್ರಿ, ನೀರಿನ ಸಪ್ಪಳ ಕೇಳಿಸ್ತರಿ, ಅಕ್ಕಾರು ಬ್ಯಾಳಿ ತೊಳಿಯಾಕತ್ತಿದ್ರು ಕಾಣಸ್ತದರಿ — ಅಲ್ಲಿಗೆ ಬಿತ್ತು ಇವನ ಕೈ, ಅಕ್ಕಾರು ವಾಕಡದಾಗಿದ್ರಲೇ ಮಗನ, ಸುಳ್ಳು ಬೊಗಳಬ್ಯಾಡ, ಮತ್ತೆ ಬಿತ್ತು, ಅವನು ಕೆಮ್ಮಿದ, ಮೂರು ಸಲ ಅದೇ ಮಾತು ಹೇಳಿದ, ನಾಲ್ಕನೆಯ ಸಲ ಹೇಳಲಿಲ್ಲ. ಮನುಷ್ಯ ಎಷ್ಟು ಸಲ ನಿಜ ಹೇಳಿಯಾನು, ಅದಕ್ಕೂ ಒಂದು ಮಿತಿ ಇದೆ, ಆ ಮಿತಿ ಎಲ್ಲಿದೆಯೆಂದು ಕೈಗೆ ಗೊತ್ತಾಗುತ್ತದೆ, ಅದೂ ಒಂದು ಅನುಭವ, ನೌಕರಿಯ ಅನುಭವ. ಚಂದ್ರಪ್ಪ ಈಗ ಯರವಡಾ ಜೈಲಿನಲ್ಲಿದ್ದಾನೆ, ಆದರೆ ಅವನ ಹೆಂಡತಿ ಬೋರಮ್ಮ ಮಾತ್ರ ಠಾಣೆಯ ಮೆಟ್ಟಿಲು ಬಿಟ್ಟಿಲ್ಲ, ಜಪ್ತಿ ಮಾಡಿದ ಸ್ಕೂಟರುಗಳ ಪಕ್ಕ ಒಂದು ಗೋಣಿಚೀಲ ಹಾಸಿಕೊಂಡು ಬೆಳಿಗ್ಗೆಯಿಂದ ಸಂಜೆಯವರೆಗೆ, ಇಲ್ಲಿ ಯಾಕ ಕುಂದರ್ತೀಯವ್ವ, ಅಂವ ಇಲ್ಲಿಲ್ಲ ಎಂದು ಇವನು ಎಷ್ಟೋ ಸಲ ಹೇಳಿದ್ದಾನೆ, ಇಲ್ಲೇ ಒಳಗ ಹ್ವಾದದ್ದ ನಾ ನೋಡೀನ್ರಿ ಸಾಹೇಬ್ರ, ಇಲ್ಲಿಂದನ ಹೊರಗ ಬರಬೇಕಲ್ಲರಿ. ಇವನ ತಾಯಿಯ ಭಾಷೆ, ಒಂದಕ್ಷರ ಹೆಚ್ಚಿಲ್ಲ ಕಡಿಮೆಯಿಲ್ಲ. ಅವಳ ಮಗ್ಗುಲಲ್ಲಿ ದಿನಾ ಒಂದು ಸ್ಟೀಲ್ ಡಬ್ಬಿ, ಏನದು ಎಂದು ಕೇಳಿದ್ದ ಒಂದು ದಿನ, ಇಡ್ಲಿರಿ, ಹೋಟೆಲ್ ಅಕ್ಕಾರು ದಿನಾ ಕೊಟ್ಟು ಕಳಸ್ತಾರ್ರಿ, ಗಂಡನ್ನ ಕಳಕೊಂಡ ಆಕಿ ನನಗ ಯಾಕ ಕಳಸ್ತಾಳೊ ನನಗ ತಿಳೀವಲ್ದು. ಇವನಿಗೆ ತಿಳಿದಿತ್ತು, ದೊಡ್ಡ ಮನಸ್ಸು ಎಂದು ತಿಳಿದುಕೊಂಡಿದ್ದ.

ನೀರು. ಎಡಗಿವಿಯದು ಎಂದುಕೊಂಡ ಮೊದಲು, ಆದರೆ ಬಲಗಿವಿಯಲ್ಲೂ ಕೇಳುತ್ತಿದೆ, ಅಡುಗೆಮನೆಯಲ್ಲಿ ನಲ್ಲಿ ಬಿಟ್ಟಿದ್ದಾರೆ, ನೀರಿನೊಳಗೆ ಯಾರೋ ಕಲ್ಲುಹರಳು ತಿರುಗಿಸಿದ ಹಾಗೆ ಜರಜರ ಸದ್ದು, ನಿಲ್ಲುತ್ತದೆ, ಚೆಲ್ಲುತ್ತಾರೆ, ಮತ್ತೆ ನೀರು — ಇಂಥ ಸದ್ದೇ, ಬೆಟ್ಟದ ಮೇಲೆ, ಶೆಲ್ ಬಿದ್ದ ಮರುದಿನ, ಮಧ್ಯಾಹ್ನವೇ ಮಂಜು ಕವಿದು ಮೂರು ಮಾರು ಆಚೆ ಕಾಣುತ್ತಿರಲಿಲ್ಲ, ಗೋಕಾಕಿನ ಅಡಿವೆಪ್ಪ ಬಾಟಲಿಗಳನ್ನು ಕೊರಳಿಗೆ ಹಾಕಿಕೊಂಡು ತೊರೆಗಿಳಿದ, ನಿಂದೂ ತುಂಬ್ತೀನಿ ಕೊಡಲೇ ಬಸ್ಯಾ, ಇವನು ಬಂಡೆಯ ಹಿಂದೆ ಕೂತ, ಸ್ವಲ್ಪ ಹೊತ್ತಿಗೆ ಏನೋ ಕೇಳಿಸಿತು, ಬಸ್ಯಾ ಎಂದ ಹಾಗೆ, ಅಥವಾ ಬರೇ ನೀರು, ಎದ್ದು ನೋಡಬೇಕು ಅನ್ನಿಸಿತು, ಕಾಲು ಮರಗಟ್ಟಿತ್ತು, ನೀರೇ ಇರಬೇಕು ಅಂದುಕೊಂಡ, ಕಿವಿ ಕೆಟ್ಟಿದೆ, ನೀರೇ. ಎರಡು ದಿನದ ಮೇಲೆ ತೊರೆಯ ಕೆಳಗೆ ಸಿಕ್ಕ, ಕಾಲು ಜಾರಿ ಬಿದ್ದು ಸೊಂಟ ಮುರಿದಿತ್ತು, ಮುಖ ಕಲ್ಲಿನ ಮೇಲಿತ್ತು ಒಣಗಿಕೊಂಡು, ಕೈ ಮಾತ್ರ ನೀರಿನಲ್ಲಿ, ಬೆರಳುಗಳು ಬೆಳ್ಳಗೆ ಊದಿ ಎರಡರಷ್ಟಾಗಿದ್ದವು, ಸಿಪ್ಪೆ ಬಿಟ್ಟಿದ್ದವು, ಏನಾದರೂ ಕೇಳಿಸಿತ್ತೇ ಎಂದು ಅಧಿಕಾರಿ ಕೇಳಿದರು, ಕುಛ್ ನಹೀ ಸಾಬ್, ಪಾನೀ ಥಾ, ಏನೂ ಇಲ್ಲ ಸಾಹೇಬ್, ನೀರಷ್ಟೇ. ಆ ಬೆರಳುಗಳನ್ನು ನೆನೆದು ಊಟ ಬಿಟ್ಟ ದಿನಗಳಿದ್ದವು, ಈಗ ಬಿಡುವುದಿಲ್ಲ, ಎಲ್ಲದಕ್ಕೂ ರೂಢಿಯಾಗುತ್ತದೆ. ಅದಾದ ಮೇಲೆ ಅವನಿಗೊಂದು ವಿದ್ಯೆ ಬಂತು, ನೀರಿನಲ್ಲಿ ಬಿದ್ದದ್ದು ಎಷ್ಟು ಹೊತ್ತಿನಿಂದ ಬಿದ್ದಿದೆಯೆಂದು ಊದಿದ್ದನ್ನು ನೋಡಿಯೇ ಹೇಳಬಲ್ಲ, ಮುಠಾ ನದಿಯಲ್ಲಿ ಹೆಣ ಸಿಕ್ಕರೆ ಡಾಕ್ಟರರಿಗಿಂತ ಮೊದಲು ಇವನನ್ನು ಕರೆಯುತ್ತಾರೆ, ಹೆಮ್ಮೆಯ ವಿಷಯವೇನಲ್ಲ.

ಕುರ್ಚಿ ಸ್ವಲ್ಪ ಸರಿಸಿದರೆ ಬಾಗಿಲ ಸಂದಿಯಿಂದ ಅಕ್ಕನ ಬೆನ್ನು ಕಾಣುತ್ತದೆ, ಬಿಳಿಗೂದಲಿನ ಸಣ್ಣ ತುರುಬು, ಕಿಟಕಿಯ ಕೆಳಗೆ ಅದೇ ದೊಡ್ಡ ಪಾತ್ರೆ, ತೆಂಗಿನ ಚಿಪ್ಪಿನ ಅಳತೆಯಲ್ಲಿ ಉದ್ದು ಹಾಕುತ್ತಿದ್ದಾರೆ, ಬಾಯಲ್ಲೇ ಎಣಿಸಿಕೊಂಡು, ಮೇಲಿನಿಂದ ಒಂದು ಹಿಡಿ ಮೆಂತ್ಯ, ನಾಲ್ಕು ಬೆರಳು ನಿಲ್ಲುವಷ್ಟು ನೀರು, ಬೆರಳು ಇಳಿಸಿ ನೋಡಿದರು, ಮುಚ್ಚಿದರು, ಗೋಡೆಯ ಗಡಿಯಾರದಲ್ಲಿ ಹನ್ನೆರಡಕ್ಕೆ ಐದು ನಿಮಿಷ. ಈ ಕೆಲಸ ಅವರು ಯಾರಿಗೂ ಬಿಟ್ಟವರಲ್ಲ, ಊರು ಬಿಟ್ಟು ಪುಣೆಗೆ ಬಂದ ದಿನದಿಂದ ಮೂವತ್ತು ವರ್ಷ, ಶೆಟ್ಟರೇ ಗಲ್ಲಾದಲ್ಲಿ ಕೂತು ಹೇಳಿಕೊಂಡು ನಗುತ್ತಿದ್ದರು, ಉದ್ದಿಗೆ ಇವಳ ಕೈಯೇ ಬೇಕು ಸಾಹೇಬ್ರೆ, ಜ್ವರ ಬಂದರೂ ಎದ್ದು ಬಂದು ನೆನೆಸ್ತಾಳೆ, ಬೇರೆಯವರು ಮುಟ್ಟಿದರೆ ಇಡ್ಲಿ ಕಲ್ಲಾಗ್ತದಂತೆ, ಮಧ್ಯಾಹ್ನ ಹನ್ನೆರಡಕ್ಕೆ ನೆನೆಸಿದರೆ ಸಂಜೆ ಆರಕ್ಕೆ ರುಬ್ಬಲಿಕ್ಕೆ ಸರಿ, ಮಂಗಳವಾರ ರಜೆ ಆದರೂ ಬುಧವಾರಕ್ಕೆ ಬೇಕಲ್ಲ, ಶೆಟ್ಟರು ತಾವು ಮಾತ್ರ ಗಲ್ಲಾ ಬಿಟ್ಟು ಒಂದು ದಿನ ಕೈ ಒದ್ದೆ ಮಾಡಿಕೊಂಡವರಲ್ಲ. ಮಂಗಳವಾರ ರಜೆ ಆದರೂ. ಮುಚ್ಚಳ ಎತ್ತಿದ, ನೋಡಿದ, ಮುಚ್ಚಿದ. ಏನು ನೋಡಿದ — ಈಗ ಎತ್ತುತ್ತಾನೆ, ಹದಿಮೂರು ವಾರದ ಹಿಂದಿನ ಆ ಮುಚ್ಚಳವನ್ನು, ಕೈಗೆ ಅದರ ತಂಪು ಈಗಲೂ ತಾಗುತ್ತದೆ, ಒಳಗೆ ಉದ್ದು, ಬೆಳ್ಳಗೆ, ಊದಿ, ಎರಡರಷ್ಟಾಗಿ, ನೀರನ್ನೆಲ್ಲ ಕುಡಿದು ಕಂಠದವರೆಗೆ ಬಂದ ಉದ್ದು, ಅಂಚಿನಲ್ಲಿ ನೊರೆ, ಆರು ತಾಸು ನೆನೆದ ಉದ್ದು, ಒಂದು ತಾಸು ಹೆಚ್ಚಿಲ್ಲ ಕಡಿಮೆಯಿಲ್ಲ, ಹೆಣಗಳ ಗಂಟೆ ಹೇಳಬಲ್ಲ ಮಹಾಶಯ ಅದನ್ನು ನೋಡಿ ಏನೂ ಇಲ್ಲ ಎಂದು ಬರೆಸಿದ್ದಾನೆ, ಅಡುಗೆಯ ಸಾಮಾನು, ಹೆಂಗಸರ ಕೆಲಸ, ಅದು ಯಾವ ಲೆಕ್ಕ. ಸಂಜೆ ಆರಕ್ಕೆ ಆರು ತಾಸು ನೆನೆದಿತ್ತು ಎಂದರೆ ಮಧ್ಯಾಹ್ನ ಹನ್ನೆರಡಕ್ಕೆ ನೆನೆಸಿದ್ದು, ಹನ್ನೆರಡಕ್ಕೆ ಅಕ್ಕ ವಾಕಡದಲ್ಲಿರಲಿಲ್ಲ, ಇಲ್ಲಿದ್ದರು, ಆ ಕಿಟಕಿಯ ಕೆಳಗೆ, ಅಕ್ಕಾರು ಬ್ಯಾಳಿ ತೊಳಿಯಾಕತ್ತಿದ್ರು ಕಾಣಸ್ತದರಿ, ಮೂರು ಸಲ ಹೇಳಿದ ಅವನು, ಮೂರು ಸಲವೂ ಇವನು ಅದನ್ನು ಅವನ ಬಾಯಿಗೇ ಮರಳಿ ತುರುಕಿದ, ಹನ್ನೆರಡಕ್ಕೆ ಶೆಟ್ಟರು ಒಲೆಯ ಬುಡದಲ್ಲಿ ಬಿದ್ದಾಗಿರಬೇಕು, ಇಲ್ಲದಿದ್ದರೆ ವಾಕಡದ ಸುಳ್ಳು ಯಾಕೆ, ಎರಡು ಮಾರು ಆಚೆ ಅಕ್ಕ ಚಿಪ್ಪಿನಲ್ಲಿ ಅಳೆದು ಉದ್ದು ಹಾಕುತ್ತಿದ್ದರು. ಬಸವಪ್ರಭು ಸರಿಸಿದ ಕುರ್ಚಿಯನ್ನು ಮತ್ತೆ ಹಿಂದಿನ ಜಾಗಕ್ಕೆ ಎಳೆದುಕೊಂಡ, ಬಾಗಿಲ ಸಂದಿ ಕಾಣದ ಹಾಗೆ.

ಇಲ್ಲ, ಇರಲಿಕ್ಕಿಲ್ಲ, ಕೆಲಸದವರು ಯಾರೋ ನೆನೆಸಿರಬಹುದು, ರಜೆಯ ದಿನ ಯಾರು ಬರುತ್ತಾರೆ, ಅಕ್ಕ ಅಂಥವರಲ್ಲ — ಅಂಥವರಲ್ಲ ಎಂದು ನಿನಗೇನು ಗೊತ್ತು, ಎರಡು ವರ್ಷದ ಹಿಂದೆ ಠಾಣೆಗೆ ಬಂದಿದ್ದರಲ್ಲ, ಅವತ್ತೂ ಮಂಗಳವಾರವೇ ಇರಬೇಕು, ಎಡಗೈಗೆ ಒದ್ದೆ ಸೆರಗು ಸುತ್ತಿಕೊಂಡು, ಬಿಚ್ಚಿ ತೋರಿಸಿದರು, ಅಂಗೈ ಪೂರ್ತಿ ಬೊಬ್ಬೆ, ಕಾವಲಿ ಮೇಲೆ ಇಟ್ಟು ಒತ್ತಿದರು ಸಾಹೇಬ್ರೆ, ಚಟ್ನಿಗೆ ಉಪ್ಪು ಹೆಚ್ಚಾಯಿತು ಅಂತ, ಬರೆದುಕೊಳ್ಳಿ, ನೀವು ಕನ್ನಡದವರು ಅಂತ ನಿಮ್ಮ ಹತ್ತಿರವೇ ಬಂದದ್ದು. ಇವನೇನಂದ, ಸಿಹಿಯಾಗಿ ಅಂದ, ಅಕ್ಕಾರ, ಸಂಸಾರ ಅಂದಮ್ಯಾಲ ಇವೆಲ್ಲಾ ಇರೂವ, ಬರಕೊಂಡ್ರ ಊರಾಗ ಹೆಸರ ಕೆಡ್ತದ, ನಾ ಶೆಟ್ಟರಿಗೆ ತಿಳಿಸಿ ಹೇಳ್ತೀನಿ, ನೀವು ಮನಿಗೆ ನಡೀರಿ. ಎದ್ದು ಹೋದರು, ಮೇಜಿನ ಮೇಲೆ ಸೆರಗಿನ ನೀರು ಇತ್ತು, ಒರೆಸಿದ. ಸಂಜೆ ಹೋಟೆಲಿಗೆ ಹೋಗಿ ಶೆಟ್ಟರಿಗೆ ತಿಳಿಸಿಯೂ ಹೇಳಿದ, ಗಲ್ಲಾದ ಪಕ್ಕ ನಿಂತು, ನಗುತ್ತ, ಏನ್ರೀ ಶೆಟ್ಟರ, ಸ್ವಲ್ಪ ಸಾವಕಾಶರಿ, ಶೆಟ್ಟರೂ ನಕ್ಕರು, ಸ್ಟೇಷನ್ನಿಗೆ ಬಂದಿದ್ದಳಾ, ಹೌದಾ, ಒಂದು ಸ್ಪೆಷಲ್ ಕಾಫಿ ಸಾಹೇಬರಿಗೆ. ನಾಲ್ಕು ದಿನ ಬಿಟ್ಟು ಅಕ್ಕನ ಬಲಗೈಗೂ ಬ್ಯಾಂಡೇಜು ಬಂತು, ಕೇಳಿದರೆ ಕಾವಲಿ ತಾಗಿತು ಅಂದರು, ಅಡುಗೆಮನೆಯಲ್ಲವೇ, ತಾಗುತ್ತದೆ, ಸದಾಶಿವ ಪೇಠೆಯೆಲ್ಲ ಹಾಗೇ ಅಂದುಕೊಂಡು ದೋಸೆ ತಿಂದಿತು. ಇವನೂ ತಿಂದ, ರುಚಿಯಾಗಿತ್ತು.

ಕಾಫಿ ಬಂತು. ಲೋಟ ಇಡುವ ಕೈಯ ಮೇಲೆ ಹಳೆಯ ಕಲೆ ಗುಲಾಬಿ ಬಣ್ಣಕ್ಕೆ ತಿರುಗಿ ಹೊಳೆಯುತ್ತದೆ, ಉಗುರಿನ ಸಂದಿಯಲ್ಲಿ ಉದ್ದಿನ ಬಿಳಿ, ಅಕ್ಕ ಎದುರಿನ ಕುರ್ಚಿಯನ್ನೂ ಇಳಿಸಿ ಕೂತರು, ಎಲ್ಲಿ ಸಹಿ ಮಾಡಬೇಕು, ಕೊಡಿ, ಇವನು ಪಂಚನಾಮೆ ಮುಂದೆ ಸರಿಸಿದ, ಓದುವುದು ಬೇಡ, ಕೆಳಗೆ ಒಂದು ಸಹಿ ಎನ್ನಬೇಕೆಂದಿದ್ದ, ಅಷ್ಟರಲ್ಲಿ ಅಕ್ಕ ಕನ್ನಡಕ ಹಾಕಿಕೊಂಡು ಮರಾಠಿಯನ್ನು ಬೆರಳಿಟ್ಟು ಓದತೊಡಗಿದರು, ಒಲೆ ಎರಡು, ಕಾವಲಿ ಒಂದು, ಬೆರಳು ಇಳಿಯುತ್ತ ಬಂತು, ನಿಂತಿತು. ಸ್ಟೀಲ್ ಪಾತ್ರೆ ಒಂದು, ಒಳಗೆ ಏನೂ ಇಲ್ಲ. ಎದುರಿನ ಮಾಸ್ತರ ಒಂದು ಯುದ್ಧ ಮುಗಿಸಿ ಇನ್ನೊಂದಕ್ಕೆ ಹೋದ, ಆಮೇಲೆ ಅಕ್ಕ ಕನ್ನಡಕ ತೆಗೆದರು, ಕಣ್ಣು ತುಂಬಿತ್ತು. ಬರವಣಿಗೆಯಲ್ಲೂ ಹೀಗೇ ಹಾಕಿಸಿದ್ದೀರಲ್ಲ ಸಾಹೇಬ್ರೆ, ನನಗೆ ಗೊತ್ತಿರಲಿಲ್ಲ, ಅವತ್ತು ನೀವು ಮುಚ್ಚಳ ತೆಗೆದದ್ದನ್ನು ನಾನು ಬಾಗಿಲಲ್ಲಿ ನಿಂತು ನೋಡ್ತಾ ಇದ್ದೆ, ಮುಗಿಯಿತು ಅಂತ ಎಣಿಸಿದೆ, ಇಷ್ಟು ವರ್ಷ ಇಲ್ಲಿ ತಿಂದವರು, ಉದ್ದು ಯಾರು ನೆನೆಸುವುದು ಅಂತ ನಿಮಗೆ ಗೊತ್ತಿಲ್ಲವಾ, ನೀವು ನೋಡಿಯೂ ಮುಚ್ಚಿಬಿಟ್ರಿ, ಏನೂ ಇಲ್ಲ ಅಂದ್ರಿ, ಆ ಕೈ ಸುಟ್ಟ ದಿನ ನನ್ನನ್ನು ಮನೆಗೆ ಕಳಿಸಿದ್ದೀರಲ್ಲ, ಅದು ನಿಮ್ಮ ಮನಸ್ಸಿನಲ್ಲಿ ಉಂಟು, ಅದಕ್ಕೇ ಹೀಗೆ ಮಾಡಿದ್ದು ಅಂತ ಎಣಿಸಿಕೊಂಡೆ, ನಿಮ್ಮ ಉಪಕಾರ ಈ ಜನ್ಮದಲ್ಲಿ ತೀರುವುದಿಲ್ಲ.

ಉಪಕಾರ. ಬಸವಪ್ರಭು ಕಾಫಿ ಲೋಟದ ಕಡೆಗೆ ನೋಡಿದ, ಲೋಟದಲ್ಲಿ ಫ್ಯಾನು ತಿರುಗುತ್ತಿತ್ತು, ಯಾಕ್ರಿ ಅಕ್ಕಾರ, ಏನಾತು ಅವತ್ತ, ಇದು ತನಿಖಾಧಿಕಾರಿಯ ಪ್ರಶ್ನೆಯಾಗಿರಲಿಲ್ಲ. ಎಂತ ಆಗುವುದು, ಅವರೊಬ್ಬರಿಗೇ ಅಂತ ಕಾವಲಿ ಇಟ್ಟಿದ್ದೆ, ದೋಸೆ ಸೀದಿತು, ತಲೆಕೂದಲು ಹಿಡಿದರು, ಇವತ್ತು ಕೈ ಅಲ್ಲ, ಮುಖ ಅಂದರು, ಕಾವಲಿಯ ಬಿಸಿ ಕೆನ್ನೆಗೆ ಬಡಿಯುವಷ್ಟು ಹತ್ತಿರ ತಂದರು, ಅಷ್ಟರಲ್ಲಿ ಅವರ ಫೋನು ಬಡಿಯಿತು, ಬಿಟ್ಟು ತಿರುಗಿದರು, ಕುಟ್ಟಾಣಿ ಅಲ್ಲೇ ಇತ್ತು. ಆಮೇಲೆ ಎಂತ ಮಾಡುವುದು ಗೊತ್ತಾಗಲಿಲ್ಲ ಸಾಹೇಬ್ರೆ, ಸುಮ್ಮನೆ ನಿಂತಿದ್ದೆ, ಗಡಿಯಾರ ನೋಡಿದೆ, ಹನ್ನೆರಡಾಗ್ತಾ ಬಂದಿತ್ತು, ಉದ್ದು ನೆನೆಸಿದೆ, ಹೊತ್ತಿಗೆ ಸರಿಯಾಗಿ ಕೈ ತಾನೇ ಹೋಯಿತು, ನೆನೆಸಿದ ಮೇಲೆ ತಲೆ ಸ್ವಲ್ಪ ಸರಿಯಾಯಿತು, ಕುಟ್ಟಾಣಿ ಗಟಾರಕ್ಕೆ ಹಾಕಿ ರಿಕ್ಷಾ ಹಿಡಿದು ವಾಕಡಕ್ಕೆ ಹೋದೆ, ಯಶ್ಮಿತಾಳಿಗೆ ಇದು ಯಾವುದೂ ಗೊತ್ತಿಲ್ಲ, ಬೆಳಿಗ್ಗೆಯೇ ಬಂದೆ ಅಂತ ಹೇಳು ಅಂದೆ, ಹೇಳಿದಳು ಪಾಪ, ಯಾಕೆ ಅಂತ ಕೂಡ ಕೇಳಲಿಲ್ಲ. ಸೆರಗಿನಿಂದ ಕಣ್ಣು ಒರೆಸಿಕೊಂಡರು, ಮುಖ ಹಗುರಾಗಿತ್ತು, ಅಣ್ಣನ ಎದುರು ಕೂತವರ ಮುಖ, ಹಾಗಾದರೆ ಆ ಚಂದ್ರಪ್ಪನನ್ನು ಯಾವಾಗ ಬಿಡ್ತೀರಿ, ಜನರ ಬಾಯಿಗೆ ಯಾರಾದರೂ ಒಬ್ಬ ಬೇಕಿತ್ತು, ನಾಲ್ಕು ದಿನ ಇಟ್ಟುಕೊಂಡು ಸಾಕ್ಷಿ ಇಲ್ಲ ಅಂತ ನೀವೇ ಬಿಟ್ಟುಬಿಡ್ತೀರಿ ಅಂತ ನಾನು ಧೈರ್ಯದಲ್ಲಿದ್ದೆ, ದಿನ ತುಂಬ ಆಯ್ತಲ್ಲ, ಆ ಬೋರಮ್ಮನ ಮುಖ ನನ್ನಿಂದ ನೆನೆಸಿಕೊಳ್ಳಲಿಕ್ಕೆ ಆಗುವುದಿಲ್ಲ, ಇಡ್ಲಿ ಕಳಿಸ್ತೇನೆ, ಬೇರೆ ಎಂತ ಮಾಡಲಿ. ಸಾಕ್ಷಿ ಅದರಿ ಅಕ್ಕಾರ, ಎಂದ ಬಸವಪ್ರಭು, ಅವನ ಧ್ವನಿ ಅವನಿಗೇ ದೂರದಿಂದ ಕೇಳಿತು, ಕುಟ್ಟಾಣಿ ಎಲ್ಲಿ ಒಗದೀನಿ ಅಂತ ಅಂವನ ತೋರ್ಸ್ಯಾನ. ಅಕ್ಕ ಅರ್ಥವಾಗದೆ ನೋಡಿದರು, ಅವನಿಗೆ ಹೇಗೆ ಗೊತ್ತು, ಹಾಕಿದ್ದು ನಾನಲ್ಲವಾ, ಓಣಿಯಲ್ಲಿ ಒಂದು ನರಪಿಳ್ಳೆ ಇರಲಿಲ್ಲವಲ್ಲ, ಅವನು ಹೇಗೆ ತೋರಿಸಿದ — ಅವರ ಕಣ್ಣು ಇವನ ಮುಖದಿಂದ ಮೆಲ್ಲಗೆ ಇಳಿದು ಮೇಜಿನ ಮೇಲಿದ್ದ ಇವನ ಎರಡು ಕೈಗಳ ಮೇಲೆ ಬಂದು ಕೂತಿತು, ಇವನು ಕೈಗಳನ್ನು ಮೇಜಿನ ಕೆಳಗೆ ತೆಗೆದುಕೊಂಡ. ನಿಮಗೆ ಗೊತ್ತೇ ಇರಲಿಲ್ಲವಾ, ಎಂದರು ಅಕ್ಕ, ಬಹಳ ಸಣ್ಣ ಧ್ವನಿಯಲ್ಲಿ, ನೋಡಿಯೂ ಗೊತ್ತಾಗಲಿಲ್ಲವಾ, ಗೊತ್ತಿಲ್ಲದೆಯೇ ಆ ಮನುಷ್ಯನನ್ನು...

ಫೋನು ಗುಂಯ್‌ಗುಟ್ಟಿತು, ದೊಡ್ಡ ಸಾಹೇಬರು, ಬಡಿದು ಬಡಿದು ನಿಂತಿತು. ಎಷ್ಟು ಸುಲಭ, ಪ್ರತಿ ಮಡಚಿ ಜೇಬಿಗೆ ಹಾಕಿಕೊಂಡು ಎದ್ದರಾಯಿತು, ಅಕ್ಕ ಬಾಯಿ ಬಿಡುವವರಲ್ಲ, ಉದ್ದಿನ ಸುದ್ದಿ ಯಾವ ಕಾಗದದಲ್ಲೂ ಇಲ್ಲ, ನಾಲ್ಕು ಗಂಟೆಗೆ ಸಹಿ, ಸಂಜೆ ಮನೆ, ಚಂದ್ರಪ್ಪ ಎಷ್ಟು ದಿನ ಬದುಕಿಯಾನು ಆ ಕೆಮ್ಮಿನಲ್ಲಿ, ಕೇಸು ನಿಲ್ಲುವ ಮೊದಲೇ — ಥೂ. ಅಕ್ಕನನ್ನು ಬರೆದರೆ ಕುಟ್ಟಾಣಿಯನ್ನೂ ಬರೆಯಬೇಕು, ಕುಟ್ಟಾಣಿ ಬರೆದರೆ ಬುಧವಾರ ಬೆಳಿಗ್ಗೆ ಎಂಟು ಗಂಟೆ ಬರೆಯಬೇಕು, ಶುಕ್ರವಾರದ ಪಾಠ ಬರೆಯಬೇಕು, ಅಂಗಿ ಹೋಗುತ್ತದೆ, ಟೋಪಿ ಹೋಗುತ್ತದೆ, ಮಿಥುನನ ನೌಕರಿ ಹೋಗುತ್ತದೆ, ಯರವಡಾದಲ್ಲಿ ಚಂದ್ರಪ್ಪ ಬಿಟ್ಟ ಜಾಗ ಇವನದೇ ಆದೀತು, ಅಕ್ಕನಿಗೆ ಜನ್ಮವಿಡೀ, ಎರಡು ವರ್ಷದ ಹಿಂದೆ ಒಂದು ಪುಟ ಬರೆದುಕೊಂಡಿದ್ದರೆ ಇದು ಯಾವುದೂ ಇಲ್ಲ, ಶೆಟ್ಟರೂ ಎಲ್ಲೋ ಬದುಕಿರುತ್ತಿದ್ದರು, ಒಂದು ಪುಟ, ಎದ್ದು ಹತ್ತು ಹೆಜ್ಜೆ ಇಳಿದು ನೋಡಿದ್ದರೆ ಅಡಿವೆಪ್ಪನೂ, ಬಸ್ಯಾ ಎಂದನೋ ನೀರೋ, ಬಸ್ಯಾ ಎಂದೇ ಅಂದಿದ್ದ, ಗೊತ್ತಿತ್ತು, ಅವತ್ತೂ ಗೊತ್ತಿತ್ತು, ಮುಚ್ಚಳ ಎತ್ತಿದಾಗಲೂ ಎಲ್ಲೋ ಗೊತ್ತಿತ್ತು, ಇಲ್ಲದಿದ್ದರೆ ಅಷ್ಟು ಬೇಗ ಯಾಕೆ ಮುಚ್ಚಿದ. ಅಕ್ಕ ಎದ್ದರು, ಕುರ್ಚಿಯನ್ನು ಮತ್ತೆ ಮೇಜಿನ ಮೇಲೆ ಬೋರಲು ಹಾಕಿದರು, ಬರೀರಿ ಸಾಹೇಬ್ರೆ, ಎಂದರು, ನಾನು ಬರ್ತೇನೆ, ಉದ್ದು ಹಾಕಿಯಾಯಿತಲ್ಲ, ಆರಕ್ಕೆ ರುಬ್ಬಿ ಇಟ್ಟೇ ಬರ್ತೇನೆ, ನಾಳೆ ಬೆಳಿಗ್ಗೆ ಜನ ಬರ್ತಾರೆ. ಇವನು ಪೆನ್ನಿನ ಟೊಪ್ಪಿ ತೆಗೆದ, ಏನೂ ಇಲ್ಲ ಎಂಬುದರ ಮೇಲೆ ಒಂದು ಗೆರೆ ಎಳೆದ, ಪಕ್ಕದಲ್ಲಿ ಚಿಕ್ಕ ಸಹಿ, ತಾರೀಖು, ಈಗ ಏನಿತ್ತೆಂದು ಬರೆಯಬೇಕು, ಎಡಗಿವಿಯಲ್ಲಿ ನೀರು, ಬಲಗಿವಿಯಲ್ಲಿ ನೀರಿಲ್ಲ, ಅಡುಗೆಮನೆಯಲ್ಲಿ ಮುಚ್ಚಿದ ಪಾತ್ರೆ, ಸದ್ದಿಲ್ಲದೆ ನೀರು ಕುಡಿಯುತ್ತಿದೆ, ಮರಾಠಿಯಲ್ಲಿ ಬರೆಯಬೇಕಾದದ್ದು ಕನ್ನಡದಲ್ಲೇ ಬಂತು, ಉದ್ದು, ಬರೆದ, ನೆನೆದದ್ದು, ಆರು ತಾಸು, ಬೆಳ್ಳಗೆ, ಊದಿ, ಕಂಠದವರೆಗೆ, ಮುಂದಿನದು ಕುಟ್ಟಾಣಿ, ಅದಕ್ಕೆ ಪೆನ್ನು ಹೋಗಲಿಲ್ಲ, ಬೆಳ್ಳಗೆ, ಊದಿ, ಕಂಠದವರೆಗೆ